ಪೈಲವಾನನ ಪಾಲಿನ ಹಾಲು

ನಿಡೋಣಿಯ ನಮ್ಮ ಮನೆಯಲ್ಲಿ ಒಬ್ಬ ಪೈಲವಾನ ಇದ್ದ. ಅಪ್ಪನ ತಮ್ಮ, ನನಗೆ ಕಾಕಾ. ಇಷ್ಟು ವರ್ಷಗಳಾದ ಮೇಲೂ ಅವನನ್ನು ನೆನೆದರೆ ನನಗೆ ಹೇಸಿಕೆಯೇ ಬರುತ್ತದೆ. ಊರವರಿಗೆ ಹಾಗಿರಲಿಲ್ಲ. ಅವನು ಗರಡಿ ಮನೆಯಿಂದ ಮೈಗೆ ಎಣ್ಣೆ ಹಚ್ಚಿಕೊಂಡು ಹೊರಗೆ ಬಂದರೆ ಕಟ್ಟೆಯ ಮೇಲಿನ ಮುದುಕರು ಸರಿದು ಕೂತು ಜಾಗ ಕೊಡುತ್ತಿದ್ದರು. ಮನೆಗೊಬ್ಬ ಪೈಲವಾನ ಇದ್ದರೆ ಮನೆತನಕ್ಕೆ ಒಂದು ತೂಕ ಎಂದು ಅವರ ನಂಬಿಕೆ. ಆ ತೂಕ ಯಾರ ಹೊಟ್ಟೆ ಕಟ್ಟಿ ಬಂದದ್ದು ಎಂದು ಒಬ್ಬರೂ ಕೇಳಲಿಲ್ಲ.

ಆಗಿನ್ನೂ ಅರವತ್ತರ ದಶಕದ ಆರಂಭ. ಮನೆಯಲ್ಲಿ ಹಾಲು ಕೊಡುವ ಎಮ್ಮೆ ಒಂದೇ. ಬೆಳಗಿನ ಹಾಲು, ಬಾದಾಮಿ ಅರೆದು ಹಾಕಿ, ಕಾಕಾನಿಗೆ. ಸಂಜೆಯದನ್ನು ಹೆಪ್ಪಿಟ್ಟು ಕಡೆದರೆ ಬೆಣ್ಣೆಯೂ ಅವನಿಗೇ. ಉಳಿದ ಮಜ್ಜಿಗೆಗೆ ನೀರು ಬೆರೆಸಿ ನಮಗೆ ಹಂಚುತ್ತಿದ್ದರು. ಇದಕ್ಕೆ ಅಜ್ಜಿ ಒಂದು ಕಟ್ಟಳೆ ಬೇರೆ ಮಾಡಿದ್ದಳು. ಪೈಲವಾನನ ಹಾಲಿಗೆ ಬೇರೆಯವರು ಬಾಯಿ ಹಚ್ಚಿದರೆ ಅದು ಅವನ ಮೈಗೆ ಹತ್ತುವುದಿಲ್ಲವಂತೆ. ಹಾಲಿನ ಚರಿಗೆಗೆ ಅರಿವೆ ಕಟ್ಟಿ, ಅದರ ಪಕ್ಕದಲ್ಲೇ ಅವಳು ಕೂತಿರುತ್ತಿದ್ದಳು.

ಕಾಕಾ ಬೆವರು ಸುರಿಸುತ್ತಿದ್ದ, ಇಲ್ಲ ಎನ್ನಲಾರೆ. ದಂಡ ಹೊಡೆಯುವನು, ಬೈಠಕ್ ಹಾಕುವನು, ಗದೆ ತಿರುಗಿಸುವನು. ಆಮೇಲೆ ಊಟ, ಊಟದ ಮೇಲೆ ನಿದ್ದೆ. ಬಾವಿಯಿಂದ ಒಂದು ಕೊಡ ನೀರು ತಂದವನಲ್ಲ. ಜೋಳದ ಚೀಲಕ್ಕೆ ಕೈ ಹಚ್ಚು ಎಂದರೆ, ಹಮಾಲಿ ಮಾಡಿದ ಮೈ ಪಟ್ಟು ಮರೆಯುತ್ತದೆ ಎಂದು ನಮಗೇ ಬುದ್ಧಿ ಹೇಳುತ್ತಿದ್ದ. ಆ ಹೊತ್ತಿಗೆ ಅವ್ವ ಬೀಸುವ ಕಲ್ಲಿನ ಕೆಲಸ ಮುಗಿಸಿ, ನೀರು ಹೊತ್ತು, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಒಯ್ದು ಬಂದಿರುತ್ತಿದ್ದಳು. ಅದನ್ನು ಸಾಮು ಎಂದು ಕರೆಯಲು ಯಾರಿಗೂ ಹೊಳೆಯಲಿಲ್ಲ. ಸಾಮು ಅಲ್ಲದ ಮೇಲೆ ಅದಕ್ಕೆ ಹಾಲು-ಬೆಣ್ಣೆಯ ಖುರಾಕು ಯಾಕೆ? ಎಲ್ಲರ ಊಟವೂ ಆದ ಮೇಲೆ ಒಣರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದು ಅವಳು ಏಳುತ್ತಿದ್ದಳು.

ಅಂಥದರಲ್ಲಿ ಅವ್ವ ಮತ್ತೆ ಬಸುರಿಯಾದಳು. ಸ್ವಲ್ಪ ದಿನಕ್ಕೆ, ಹೊತ್ತು ಮುಳುಗಿದರೆ ಅವಳಿಗೆ ಕಣ್ಣು ಕಾಣದಂತಾಯಿತು. ಇರುಳುಗಣ್ಣು ಅಂದರು. ಗೋಡೆ ಹಿಡಿದು ನಡೆಯುವಳು. ನಾನು ಎದುರಿಗೆ ನಿಂತಿದ್ದರೂ ನನ್ನ ಹೆಸರು ಹಿಡಿದು ಕೂಗುವಳು. ಒಂದು ಸಂಜೆ ರೊಟ್ಟಿ ಬೇಯಿಸುವ ಹಂಚು ಎಲ್ಲಿದೆ ಎಂದು ತಡಕಾಡಿ ಕಾದ ಹಂಚಿನ ಮೇಲೇ ಅಂಗೈ ಇಟ್ಟಳು. ಅವ್ವನ ಕಣ್ಣು ಪೂರ್ತಿ ಹೋಗುತ್ತದೆ ಎಂದು ನಾನು ಹೆದರಿದೆ. ಒಳಗಿನಿಂದ ಅಜ್ಜಿ, ರೊಟ್ಟಿ ಸೀದವೇನು ಎಂದು ಕೇಳಿದಳು.

ಅಪ್ಪ ಅವಳನ್ನು ವಿಜಾಪುರಕ್ಕೆ ಕರೆದೊಯ್ದ. ನಾನೂ ಬೆನ್ನು ಹತ್ತಿದೆ. ಡಾಕ್ಟರರು ಕಣ್ಣು ನೋಡಿ, ಔಷಧಿ ಬರೆದುಕೊಟ್ಟು, ಅಪ್ಪನ ಕಡೆ ತಿರುಗಿದರು.

"ಬರೇ ಔಷಧಿಯಿಂದ ಆಗೂದಿಲ್ಲ. ಇಕಿಗಿ ಹಾಲು, ಬೆಣ್ಣಿ, ನುಗ್ಗಿ ತಪ್ಪಲ ತಿನಸ್ರಿ. ಮನ್ಯಾಗ ಎಮ್ಮಿ ಐತಿಲ್ಲ?"

ಐತ್ರಿ ಎಂದ ಅಪ್ಪ. ಆಮೇಲೆ ನನ್ನ ಅಪ್ಪ ಮಾಡಿದ ಘನಕಾರ್ಯ ಕೇಳಿ. ಸ್ಟೇಷನ್ ರಸ್ತೆಯ ಅಂಗಡಿಯೊಂದಕ್ಕೆ ಹೋಗಿ ಅವ್ವನಿಗೆ ಒಂದು ಬ್ಯಾಟರಿ ಕೊಂಡ. ಗುಂಡಿ ಒತ್ತಿದರೆ ಬೆಳಕು ಬೀಳುವ ಬ್ಯಾಟರಿ. ತಾಯಿಯ ಎದುರು ಹಾಲಿನ ಮಾತು ತೆಗೆಯುವುದಕ್ಕಿಂತ ಅವನಿಗೆ ಅದೇ ಸುಲಭವಾಗಿತ್ತು. ಎರಡೂ ಕೈಯಿಂದ ರೊಟ್ಟಿ ಬಡಿಯುವವಳು ಅದನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂದು ಆ ಮಹಾನುಭಾವ ಯೋಚಿಸಿರಲಿಲ್ಲ. ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಕಾಕಾನ ಪಾಲಾಯಿತು.

ಡಾಕ್ಟರರ ಮಾತನ್ನು ಅಜ್ಜಿಗೆ ಹೇಳಿದ್ದು ನಾನೇ. ಬಬಲೇಶ್ವರದಲ್ಲಿ ಕಾಕಾನ ಕುಸ್ತಿ ನಿಗದಿಯಾಗಿತ್ತು.

"ಕುಸ್ತಿ ಒಂದ ಮುಗೀಲಿ, ಆಮ್ಯಾಲ ನೋಡೂಣು," ಎಂದಳು ಅಜ್ಜಿ. "ಕಣ್ಣ ಎಲ್ಲಿ ಓಡಿಹೋಗ್ತಾವ?"

ಕುಸ್ತಿ ಮುಗಿಯಿತು. ಹೆಣ್ಣುಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ, ನಾನು ಕೇಳಿದ್ದಷ್ಟೆ. ಎದುರಾಳಿ ಟಿಕೋಟಾ ಕಡೆಯ ಒಬ್ಬ ಒಕ್ಕಲಿಗ. ನೇಗಿಲು ಬಿಟ್ಟ ಮೇಲೆ ಗರಡಿಗೆ ಹೋಗುವವನು. ಹಲಗಿ ಬಾರಿಸುವ ಸದ್ದು ಏರುವ ಮೊದಲೇ ನಮ್ಮ ಕಾಕಾನ ಬೆನ್ನಿಗೆ ಮಣ್ಣು ಹತ್ತಿತ್ತು. ಅಷ್ಟು ವರ್ಷದ ಹಾಲು, ಬೆಣ್ಣೆ, ಬಾದಾಮಿ ಎಲ್ಲ ಮಣ್ಣುಪಾಲು. ಹೊಟ್ಟೆ ಮುಂದೆ ಬಂದದ್ದು, ಏದುಸಿರು ಬಿಡುತ್ತಿದ್ದುದು ನಮ್ಮವರ ಲೆಕ್ಕಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಕಾರಣ ಕಂಡುಹಿಡಿದಿದ್ದಳು. ಹಾಲು ಯಾರೋ ಎಂಜಲು ಮಾಡಿದ್ದಾರೆ. ಆ ಯಾರೋ ಯಾರೆಂದು ಹೇಳಲು ಅವ್ವನ ಕಡೆ ನೋಡಿದರೆ ಸಾಕಾಗಿತ್ತು. ಕಾಕಾ ಗೋಡೆಗೆ ಒರಗಿ, ಅತ್ತಿಗೆಯ ಮೇಲೆ ಬಿದ್ದ ಅಪವಾದಕ್ಕೆ ತಲೆಯಾಡಿಸುತ್ತ ಕೂತಿದ್ದ. ಅಪ್ಪ ಮಾಳಿಗೆಯ ಜಂತಿ ನೋಡುತ್ತಿದ್ದ.

"ಕದ್ದ ಕುಡದೀ ಹೌದಿಲ್ಲ, ಹೇಳ ಬೇ," ಎಂದಳು ಅಜ್ಜಿ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅರಿವೆ ಬಿಚ್ಚಿ ಚರಿಗೆ ಕೈಗೆ ತೆಗೆದುಕೊಂಡಳು.

"ಅತ್ತಿ, ಇಲ್ಲಿತನಕಾ ಒಂದ ಗುಟುಕ ಕುಡದಿಲ್ಲರಿ. ಇವತ್ತಿಂದ ಕುಡೀತೇನಿ. ಎಲ್ಲಾರೂ ನೋಡ್ರಿ, ಆಮ್ಯಾಲ ಕದ್ದಳು ಅನಬ್ಯಾಡ್ರಿ."

ನಿಂತೇ ಕುಡಿದಳು. ಗಟಗಟ ಕುಡಿಯಲಿಲ್ಲ, ನಡುನಡುವೆ ಉಸಿರು ತೆಗೆದುಕೊಂಡು ಕುಡಿದಳು. ಅಜ್ಜಿ ಚರಿಗೆ ಕಸಿಯಲು ಕೈ ಚಾಚಿದವಳು ಹಿಂದೆಗೆದಳು. ಬಾಯಿ ಹಚ್ಚಿದ ಚರಿಗೆಯನ್ನು ಮಗನಿಗೆ ಕೊಡುವಂತಿರಲಿಲ್ಲ. ಅವಳ ಕಟ್ಟಳೆ ಅವಳಿಗೇ ಅಡ್ಡ ಬಂತು. ಮರುದಿನವೂ ಅವ್ವ ಹಿಂಡಿ ತಂದವಳೇ ಮೊದಲು ಬಾಯಿ ಹಚ್ಚಿದಳು. ಕಾಕಾನಿಗೆ ನಮ್ಮ ಜೊತೆ ಮಜ್ಜಿಗೆ ಬಂತು. ಅದನ್ನು ಕುಡಿದು ಅವನೇನೂ ಸಾಯಲಿಲ್ಲ. ಮುಖ ಮಾತ್ರ ಹೆಂಡತಿ ಸತ್ತವನ ಹಾಗೆ ಮಾಡಿಕೊಂಡು ತಿರುಗಿದ.

ಔಷಧಿಯ ಜೊತೆ ಹಾಲು, ನಾನು ನೆರೆಮನೆಯ ಹಿತ್ತಲಿನಿಂದ ಕಿತ್ತು ತರುತ್ತಿದ್ದ ನುಗ್ಗೆ ಸೊಪ್ಪು. ಗುಣ ನಿಧಾನವಾಗಿ ಕಂಡಿತು. ಒಂದು ದಿನ ಹೊತ್ತು ಮುಳುಗಿತ್ತು, ಇನ್ನೂ ದೀಪ ಹಚ್ಚಿರಲಿಲ್ಲ. ನಾನು ಸದ್ದು ಮಾಡದೆ ಬಾಗಿಲಲ್ಲಿ ನಿಂತಿದ್ದೆ. ಅವ್ವ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು.

"ಹೆಳಲ ಬಿಚ್ಚೇತಿ ನೋಡ ನಿಂದು. ಬಾ ಇಲ್ಲೆ, ಹಾಕ್ತೇನಿ."

ನಾನು ಓಡಿ ಹೋಗಿ, ಜಡೆ ಹಾಕಿಸಿಕೊಳ್ಳಲು ಅವಳಿಗೆ ಬೆನ್ನು ಮಾಡಿ ಕೂತೆ. ಮುಖ ತಿರುಗಿಸುವಂತಿರಲಿಲ್ಲ. ಅತ್ತರೆ ಈಗ ಅವಳಿಗೆ ಕಾಣುತ್ತಿತ್ತು.