ದನಿ ಕೇಳದೆ ಹೆಸರು ಮಾರದ ಆಂಟಿ

ಆಂಟಿಯ ಎಡಗಿವಿ ತಲೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿತ್ತು. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಆಪರೇಟರ್ ಆಗಿದ್ದು, ಹೆಡ್‌ಫೋನ್ ಒತ್ತಿ ಒತ್ತಿ ಹೀಗಾಯಿತು ಎನ್ನುತ್ತಿದ್ದರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆ ಕಿವಿಗೆ ಮೋಸ ಮಾಡಲು ಯಾರಿಗೂ ಆಗುತ್ತಿರಲಿಲ್ಲ ಎನ್ನುವುದು ಮಾತ್ರ ಗೊತ್ತು.

ನಾನು ಸಿಡ್ನಿಗೆ ಹೋದದ್ದು ಅಡುಗೆ ಕೋರ್ಸಿಗೆ. ಎಸ್ಸೆಸ್ಸೆಲ್ಸಿಯನ್ನೇ ಎದ್ದೂ ಬಿದ್ದೂ ಮುಗಿಸಿದವನಿಗೆ ಬೇರೆ ದಾರಿ ಇರಲಿಲ್ಲ. ಅಲ್ಲಿನ ಗಿರಾವೀನ್ ಬಡಾವಣೆಯಲ್ಲಿ ಆಂಟಿ ಮನೆಯ ಹಿಂದಿನ ರೂಮು ಬಾಡಿಗೆಗೆ ಸಿಕ್ಕಿತು. ಅವರಿಗೆ ಮಕ್ಕಳಿರಲಿಲ್ಲ. ಅಂಕಲ್ ಹಗಲು ಆಫೀಸಿಗೆ, ಸಂಜೆ ವೇರ್‌ಹೌಸ್ ಶಿಫ್ಟಿಗೆ ಹೋಗುತ್ತಿದ್ದರು. ಎಲ್ಲ ಮಾರ್ಟ್‌ಗೇಜಿಗಾಗಿ, ಅಂದರೆ ಮನೆ ಸಾಲದ ಕಂತಿಗಾಗಿ.

ಆಂಟಿ ಮನೆಯಲ್ಲೇ ಕೂತು ಡೊಮೈನ್ ಮಾರುತ್ತಿದ್ದರು. ಅಂದರೆ ವೆಬ್‌ಸೈಟಿಗೆ ಇಡುವ ಹೆಸರು. ಮುಂದೆ ಯಾರಿಗಾದರೂ ಬೇಕಾದೀತು ಎನ್ನಿಸಿದ ಹೆಸರನ್ನು ಮೊದಲೇ ತಾವು ಕೊಂಡಿಟ್ಟುಕೊಂಡು, ಬೇಕಾದವರು ಬಂದಾಗ ಮಾರುವುದು. ಅಂಕಲ್ ಅದನ್ನು ಗಾಳಿ ವ್ಯಾಪಾರ ಎಂದು ರೇಗಿಸುತ್ತಿದ್ದರು.

"ಗಾಳಿನೇ ಕಣ್ರೀ. ಒಂದು ದೊಡ್ಡದು ಮಾರಿಹೋಗ್ಲಿ, ನಿಮ್ಮ ಸಂಜೆ ಶಿಫ್ಟ್ ಬಿಡಿಸಿ ಸೋಫಾ ಮೇಲೆ ಕೂರಿಸ್ತೀನಿ."

"ಕೂತು ಏನ್ ಮಾಡ್ಲಿ?"

"ನನ್ ಜೊತೆ ಜಗಳ ಆಡಿ. ನೆಟ್ಟಗೆ ಒಂದು ಜಗಳ ಆಡೋಕೂ ನಿಮಗೆ ಟೈಮಿಲ್ಲ."

ದೊಡ್ಡದು ಅಂದರೆ ಮೆಲ್ಬರ್ನ್ ಊರಿನ ಹೆಸರೂ ಶಾಮಿಯಾನ ಬಾಡಿಗೆಯೂ ಸೇರಿದ ಒಂದು ಡಾಟ್ ಕಾಮ್. ಅದಕ್ಕೆ ಮೇಲ್‌ಗಳು ಬರುತ್ತಲೇ ಇದ್ದವು. ಬಹಳಷ್ಟು ಬರೀ ಕಸ. "ಕೊನೇ ರೇಟ್ ಎಷ್ಟು?" ಎಂದು ಒಂದೇ ಸಾಲು ಬರೆಯುವವರು. ಆಂಟಿ ಯಾರಿಗೂ ರೇಟು ಹೇಳುತ್ತಿರಲಿಲ್ಲ. ಹೆಸರು ಯಾವ ವ್ಯಾಪಾರಕ್ಕೆ, ತೀರ್ಮಾನ ನಿಮ್ಮದೋ ಬೇರೆಯವರದೋ ಎಂದು ಕೇಳಿ, ಫೋನ್ ನಂಬರ್ ಕೊಡಿ ಎನ್ನುತ್ತಿದ್ದರು. ನಂಬರ್ ಕೊಡದವನು ಗಿರಾಕಿಯೇ ಅಲ್ಲ. ಕೊಟ್ಟವನಿಗೆ ತಾವೇ ಫೋನ್ ಮಾಡುತ್ತಿದ್ದರು.

"ಇಷ್ಟೆಲ್ಲ ಯಾಕೆ ಆಂಟಿ? ರೇಟ್ ಹೇಳಿ, ತಗೊಂಡ್ರೆ ತಗೊಳ್ಲಿ," ಎಂದೆ ಒಮ್ಮೆ.

"ಹೆಣ್ಣು ಕೇಳೋಕೆ ಬಂದೋರನ್ನ ವಿಚಾರಿಸದೆ ಕೊಟ್ಟುಬಿಡ್ತಾರೇನೋ? ಬರೆಯೋದನ್ನ ಯಾರು ಬೇಕಾದ್ರೂ ಬರೀತಾರೆ. ದನಿ ಕೇಳಬೇಕು."

ಕಾಯಿಲೆ ಕಥೆ ಬರೆದು ಅವಸರ ಮಾಡುವವರ ಮೇಲ್ ಪೂರ್ತಿ ಓದುತ್ತಲೇ ಇರಲಿಲ್ಲ. "ವ್ಯಾಪಾರದ ಮಧ್ಯೆ ಆಸ್ಪತ್ರೆ ತರೋನು ಕಳ್ಳ" ಎಂದು ಅಳಿಸಿಬಿಡುತ್ತಿದ್ದರು.

ನಾನು ಉಳಿದದ್ದೂ ಅವರ ದಯೆಯಿಂದ. ಮೆಲ್ಬರ್ನಿನ ಒಬ್ಬ, ತನ್ನ ರೆಸ್ಟೋರೆಂಟಿನಿಂದ ಸ್ಪಾನ್ಸರ್ ಮಾಡಿ, ಅಲ್ಲೇ ಕಾಯಂ ಉಳಿಯುವ ಪಿಆರ್ ಕೊಡಿಸುತ್ತೇನೆ, ಮುಂಗಡ ಕಳಿಸು ಎಂದಿದ್ದ. ನಾನು ಬ್ಯಾಂಕಿಗೆ ಹೊರಟಿದ್ದೆ. ಆಂಟಿ ತಡೆದು, ಮಧ್ಯಾಹ್ನ ಊಟದ ಹೊತ್ತಿಗೇ ಅವನ ರೆಸ್ಟೋರೆಂಟ್ ನಂಬರಿಗೆ ಫೋನ್ ಮಾಡಿದರು. ಟೇಬಲ್ ಬುಕ್ ಮಾಡುವವರ ಹಾಗೆ ನಾಲ್ಕು ಮಾತಾಡಿ ಇಟ್ಟರು.

"ಅಲ್ಲಿ ಅಡುಗೆಮನೇನೇ ಇಲ್ಲ ಕಣೋ."

"ನಿಮಗೆ ಹೇಗೆ ಗೊತ್ತು?"

"ಊಟದ ಹೊತ್ತು. ಹಿಂದೆ ಒಂದು ಪಾತ್ರೆ ಸದ್ದಿಲ್ಲ. ಟಿವಿಲಿ ಕ್ರಿಕೆಟ್ ಓಡ್ತಿದೆ. ಆ ದುಡ್ಡಲ್ಲಿ ಒಂದು ಒಳ್ಳೇ ಜಾಕೆಟ್ ತಗೋ, ಚಳೀಲಿ ಸಾಯ್ತಿದೀಯ."

ಅವನಿಗೆ ದುಡ್ಡು ಕಟ್ಟಿದ ನನ್ನ ಕ್ಲಾಸಿನ ಹುಡುಗ ಆಮೇಲೆ ಊರಿಗೆ ವಾಪಸ್ ಹೋಗಬೇಕಾಯಿತು.

ಮುಂದಿನ ವರ್ಷ ಆಂಟಿಗೆ ಗಂಟಲಲ್ಲಿ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಮಾತು ಹೋಯಿತು. ಸಣ್ಣ ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಅಂಕಲ್ ಶಿಫ್ಟ್ ಬಿಡುವ ಹಾಗಿರಲಿಲ್ಲ, ಖರ್ಚು ಇನ್ನೂ ಹೆಚ್ಚಾಗಿತ್ತು. ಕಾಯಿಲೆ ಮತ್ತೆ ಹರಡಿತು. ಉಳಿದದ್ದು ತಿಂಗಳುಗಳು ಎಂದು ಡಾಕ್ಟರ್ ಹೇಳಿದರು.

ಆಗ ಬಂತು ಆ ಮೇಲ್. ಮೆಲ್ಬರ್ನ್, ಕ್ರಾನ್‌ಬರ್ನ್ ಕಡೆಯ ಶಾಮಿಯಾನ ಕಂಪನಿಯವನದು. ಯಾಕೆ ಬೇಕು ಎಂದು ತಾನೇ ಬರೆದಿದ್ದ. ಮಾಲೀಕ ತಾನೇ ಎಂದಿದ್ದ. ಕೇಳದೆಯೇ ನಂಬರ್ ಕೊಟ್ಟಿದ್ದ. ಆಂಟಿ ಅದನ್ನು ಎರಡು ಸಲ ಓದಿ, ಬೋರ್ಡಿನ ಮೇಲೆ "ಫೋನ್ ಮಾಡು" ಎಂದು ಬರೆದು ನನ್ನ ಕಡೆ ತಿರುಗಿಸಿದರು.

ನನ್ನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್. ಆದರೂ ಮಾಡಿದೆ. "ಹಲೋ ಸರ್, ಐ ಆಮ್ ಕಾಲಿಂಗ್" ಎನ್ನುವಷ್ಟರಲ್ಲಿ "ನಾಟ್ ಇಂಟ್ರೆಸ್ಟೆಡ್, ಮೇಟ್" ಎಂದು ಇಟ್ಟ. ಕಾಲ್ ಸೆಂಟರಿನವನು ಅಂದುಕೊಂಡ. ಆಗ ನಮ್ಮಂಥ ದನಿ ಕೇಳಿದರೆ ಎಲ್ಲರೂ ಹಾಗೇ ಇಡುತ್ತಿದ್ದರು. ಮತ್ತೆ ಮಾಡಿದೆ. ಬೈದು ಇಟ್ಟ.

ಆಮೇಲೆ ಅಂಕಲ್ ಆಫೀಸಿನಿಂದ ಮಾಡಿದರು. ಅವನು ಅಷ್ಟೂ ಕೇಳಿಸಿಕೊಂಡು, ಡೊಮೈನ್ ಒಬ್ಬ ಹೆಂಗಸಿನ ಹೆಸರಲ್ಲಿದೆಯಲ್ಲ, ಅವರನ್ನೇ ಕೊಡಿ ಎಂದನಂತೆ. ಅವರಿಗೆ ಮಾತು ಬರುವುದಿಲ್ಲ, ಆಪರೇಷನ್ ಆಗಿದೆ ಎಂದು ಅಂಕಲ್ ಹೇಳಿದ್ದಾರೆ. ಅಷ್ಟಕ್ಕೆ ಅವನು ಥ್ಯಾಂಕ್ಸ್ ಎಂದು ಇಟ್ಟಿದ್ದಾನೆ. ಸಂಜೆ ಮೇಲ್ ಬಂತು. ಮಾಲೀಕರ ದನಿ ಕೇಳದೆ ನಾನು ಏನೂ ಕೊಳ್ಳುವುದಿಲ್ಲ, ಇಂಥ ಆಸ್ಪತ್ರೆ ಕಥೆ ಬೇಕಾದಷ್ಟು ಕೇಳಿದ್ದೇನೆ, ಇನ್ನು ಬರೆಯಬೇಡಿ ಎಂದು.

ನನಗೆ ಮೈ ಉರಿಯಿತು. "ನಾನೇ ಮೆಲ್ಬರ್ನ್‌ಗೆ ಹೋಗಿ ಅವನ ಮುಂದೆ ನಿಂತ್ಕೋತೀನಿ ಆಂಟಿ."

ಆಂಟಿ ತಲೆ ಅಲ್ಲಾಡಿಸಿದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಬೋರ್ಡಿನ ಮೇಲೆ ನಿಧಾನಕ್ಕೆ ಬರೆದರು: "ಸರಿಯಾದ ಗಿರಾಕಿ. ನಾನಾದ್ರೂ ಹೀಗೇ ಮಾಡ್ತಿದ್ದೆ."

ಆಮೇಲೂ ಹೇಳಿದ್ದನ್ನೇ ಹೇಳಿ ಮೇಲ್ ಕಳಿಸಿದೆ, ಆಸ್ಪತ್ರೆ ಕಾಗದದ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ. ಬೇರೆ ಬಂದವರೆಲ್ಲ ಕೊನೇ ರೇಟ್ ಕೇಳುವವರೇ.

ಆ ಚಳಿಗಾಲದ ಒಂದು ಸಂಜೆ, ನೋಡಿಕೊಳ್ಳಲು ಬರುತ್ತಿದ್ದ ನರ್ಸ್ ನನ್ನನ್ನು ಒಳಗೆ ಕರೆದಳು. ಆಂಟಿಯ ಕೈ ಹಿಡಿದುಕೊಂಡೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸ್ ನಾಡಿ ನೋಡಿ, ಹೋದರು ಎನ್ನುವ ಹಾಗೆ ನನ್ನ ಭುಜ ಮುಟ್ಟಿದಳು.

ಅಂಕಲ್‌ಗೆ ಫೋನ್ ಮಾಡಿದೆ. ವೇರ್‌ಹೌಸಿನಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಹಾಗೇ ಮಾಡುತ್ತಲೇ ಇದ್ದೆ. ಅಲ್ಲಿನ ಆಫೀಸಿನ ನಂಬರ್ ಆಂಟಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಶಿಫ್ಟ್ ಮುಗಿಸಿ ಅಂಕಲ್ ಬಂದರು. ಆಂಟಿಗೆ ಎಚ್ಚರವಾದೀತು ಎಂದು ಶೂ ಹೊರಗೇ ಬಿಚ್ಚಿ, ಸದ್ದಾಗದ ಹಾಗೆ ಬಾಗಿಲು ತೆಗೆದರು. ಹಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ, "ಶ್... ಮಲಗಿದಾಳಾ?" ಎಂದರು.