ತೊಟ್ಟಿಲ ಮೇಲಿನ ಚಾವಣಿ

ಹಳೇ ಮನೆಗೆ ಬಣ್ಣ ಬಳಿಯುವ ಮೊದಲು ಚಾವಣಿಯನ್ನು ಕೋಲಿನಿಂದ ತಟ್ಟಿ ನೋಡುವುದು ಗಾರೆ ಕೆಲಸದ ಮಾವನ ರೂಢಿ. ಗಾರೆ ಗಟ್ಟಿಯಿದ್ದರೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಎನ್ನುತ್ತದೆ. ಅದಕ್ಕೇ ಮನೆಯವರೆಲ್ಲ ಅವನನ್ನು ಟಕಟಕ ಮಾವ ಎನ್ನುತ್ತಿದ್ದರು. ಈಚೆಗೆ ಅವನ ಕಿವಿ ಮಂದವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ದಿನ ಅವನು ತಟ್ಟಬೇಕಿದ್ದುದು ತನ್ನ ಅಕ್ಕನ ಮಗಳ ಮನೆ. ಅವಳ ಹೆಗಲ ಮೇಲೆ ಕೂಸು ತೂಕಡಿಸುತ್ತಿತ್ತು. ಕಿಟಕಿಯ ಬಳಿ ತೊಟ್ಟಿಲು, ಅದರ ಮೇಲೆ ಚಾವಣಿಯಲ್ಲಿ ಕೂದಲೆಳೆಯಂಥ ಬಿರುಕು. ಮಾವ ತಟ್ಟಿದ. ಏನೂ ಸ್ಪಷ್ಟವಾಗಲಿಲ್ಲ. ಮತ್ತೆ ತಟ್ಟಿದ.

"ನಿಮ್ಮ ಮದುವೆ ದಿನಾನೂ ಗೋಡೆ ತಟ್ತಾ ನಿಂತಿದ್ರಂತೆ, ಅತ್ತೆ ಈಗಲೂ ಬೈತಾರೆ," ಎಂದು ಅವಳು ನಕ್ಕಳು. "ಗಟ್ಟಿಯಿದೆ ಅಂದ್ಬಿಡಿ ಮಾವ, ಮಗೂನ ಮಲಗಿಸ್ತೀನಿ."

ಹೂಂ ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ತೊಟ್ಟಿಲಿಗೆ ಬಗ್ಗಿದಳು.

"ತಡಿಯೇ! ನನಗೆ ಕಿವಿ ಸರಿಯಾಗಿ ಕೇಳಲ್ಲ ಕಣೇ. ನಾನು ತಟ್ತೀನಿ, ನೀನು ಕೇಳು."

ಅವಳ ನಗು ಮಾಯವಾಯಿತು. ಬಾಗಿಲ ಬಳಿ ತಟ್ಟಿದಾಗ ಟಣ್ ಎಂದಿತು. ಕೋಣೆಯ ನಡುವೆಯೂ ಟಣ್. ತೊಟ್ಟಿಲ ಮೇಲೆ ತಟ್ಟಿದಾಗ ಅವಳು ಉಸಿರು ಹಿಡಿದಳು.

"ಮಾವ... ಡಬ್ ಅಂತು."

"ಆಚೆ ನಡಿ!"

ಮಾವ ತೊಟ್ಟಿಲನ್ನು ಪಕ್ಕಕ್ಕೆ ಎಳೆದು, ದೂರ ನಿಂತು, ಬಿರುಕನ್ನು ಕೋಲಿನಿಂದ ಮೆಲ್ಲಗೆ ಒತ್ತಿದ. ಮೊರದಗಲ ಗಾರೆ ತೊಟ್ಟಿಲಿದ್ದ ಜಾಗಕ್ಕೇ ಧೊಪ್ಪೆಂದು ಬಿತ್ತು. ಕೂಸು ಕಿಟಾರನೆ ಕಿರುಚಿತು.

ಧೂಳು ಕೂರುವವರೆಗೂ ಅವಳು ಕೂಸನ್ನು ಎದೆಗೊತ್ತಿಕೊಂಡು ನಿಂತಳು. ಆಮೇಲೆ ಪಕ್ಕದ ಕೋಣೆಯ ಬಾಗಿಲು ತೆರೆದಳು.

"ಬನ್ನಿ ಮಾವ. ನೀವು ತಟ್ಟಿ, ನಾನು ಕೇಳ್ತೀನಿ."