ಪೆಥೆಟಿಕ್ ಎಂಬ ಪದ ಮತ್ತು ಅರ್ಜಿ ಬಸಲಿಂಗಯ್ಯ

ಅರ್ಜಿಯ ಕರಡನ್ನು ಕೈಗೆ ಕೊಟ್ಟರೆ ಬಸಲಿಂಗಯ್ಯನವರು ಅದನ್ನು ಸತ್ತ ಇಲಿಯ ಬಾಲ ಹಿಡಿಯುವ ಹಾಗೆ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು. ಮೂಗಿನಿಂದ ದೂರ ಇಟ್ಟು, ಕನ್ನಡಕದ ಕೆಳಗಿಂದ ಒಂದು ಸಲ ಓದಿ, ಮುಖ ಕಿವುಚಿ, "ಹೇಸಿಗಿ" ಅನ್ನುತ್ತಿದ್ದರು. ಆಮೇಲೆ ಕರಡನ್ನು ಮೇಜಿನ ಮೇಲೆ ಮಗುಚಿ ಹಾಕಿ, "ಏನಾಗೇತಿ, ಬಾಯಿಲೆ ಹೇಳು" ಎಂದು ಕೇಳುತ್ತಿದ್ದರು. ಹೊಸದಾಗಿ ಬಂದವರಿಗೆ ಅಲ್ಲೇ ಅರ್ಧ ಜೀವ ಹೋಗುತ್ತಿತ್ತು.

ಪೀಣ್ಯದ ಅಡ್ಡರಸ್ತೆಯೊಂದರಲ್ಲಿ ಅವರ ಟೈಪಿಂಗ್, ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಲೋಹಕ್ಕೆ ಬಣ್ಣ ಏರಿಸುವ ಕಾರ್ಖಾನೆ, ಮುಂದೆ ಹಸಿರು ನೀರು ಹರಿಯುವ ಮೋರಿ, ಮೂಗು ಸುಡುವ ಆಸಿಡ್ ವಾಸನೆ. ಮೊದಲು ಅವರು ಒಂದು ದೊಡ್ಡ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದರಂತೆ. ಅದು ಮುಚ್ಚಿದ ಮೇಲೆ ಈ ಅಂಗಡಿ ಇಟ್ಟರು. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಕೀಗಳನ್ನು ಟೈಪ್‌ರೈಟರ್ ಕುಟ್ಟುವ ಹಾಗೆ ಕುಟ್ಟಿ ಕುಟ್ಟಿ, ಅವುಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

ಪೀಣ್ಯದಲ್ಲಿ ಕೆಲಸ ಮಾಡದವರಿಗೆ ಈ ಅಂಗಡಿಯ ಮಹತ್ವ ಗೊತ್ತಾಗುವುದಿಲ್ಲ. ನಮ್ಮಲ್ಲಿ ಎಲ್ಲದಕ್ಕೂ ಒಂದು ಲೆಟರ್ ಕೊಡಬೇಕು. ರಜೆ ಹಾಕಿದರೆ ಲೆಟರ್, ತಡವಾಗಿ ಬಂದರೆ ಲೆಟರ್, ಸೂಪರ್‌ವೈಸರ್‌ಗೆ ಎದುರಾಡಿದರೆ ಕ್ಷಮಾಪಣೆ ಲೆಟರ್. ಓನರ್ ಕನ್ನಡದವನೇ, ಸೂಪರ್‌ವೈಸರ್ ಕನ್ನಡದವನೇ, ಬರೆಯುವ ನಾನೂ ಕನ್ನಡದವಳೇ. ಆದರೂ ಲೆಟರ್ ಮಾತ್ರ ಇಂಗ್ಲಿಷಿನಲ್ಲೇ ಆಗಬೇಕು. ಇಂಗ್ಲಿಷಿನಲ್ಲಿ ಕಾಲಿಗೆ ಬಿದ್ದರೆ ಅದಕ್ಕೊಂದು ತೂಕ ಅಂತ ತಿಳಿದಿದ್ದಾರೋ ಏನೋ. ಹಾಗಾಗಿ ಬೆಳಗಿನ ಶಿಫ್ಟ್ ಬಿಡುವ ಹೊತ್ತಿಗೆ ಬಸಲಿಂಗಯ್ಯನವರ ಅಂಗಡಿ ಮುಂದೆ ಐದಾರು ಜನ ಸಪ್ಪೆ ಮೋರೆ ಹಾಕಿಕೊಂಡು ನಿಂತಿರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಸ್ವಲ್ಪ ಪೆಥೆಟಿಕ್ಕಾಗಿ ಬರೀರಿ ಸಾರ್.

ಆ ಮಾತು ಕೇಳಿದರೆ ಅವರ ಮೈಗೆ ಕೆಂಡ ಬೀಳುತ್ತಿತ್ತು. ಒಮ್ಮೆ ನನ್ನ ಎದುರಿಗೇ ಒಬ್ಬ ಬಂದು, ಮೂರು ದಿನ ಕೆಲಸಕ್ಕೆ ಚಕ್ಕರ್ ಹೊಡೆದದ್ದಕ್ಕೆ ತಾಯಿ ಹಾಸಿಗೆ ಹಿಡಿದಿದ್ದಾಳೆ ಅಂತ ಬರೆಯಿರಿ ಅಂದ. ತಾಯಿಗೆ ಏನಾಗಿದೆ ಎಂದು ಇವರು ವಿಚಾರಿಸಿದರು. ಏನೂ ಆಗಿಲ್ಲ ಸಾರ್, ಗುಂಡಗವ್ಳೆ, ಓದಿದವ್ರಿಗೆ ಪಾಪ ಅನ್ನಿಸ್ಲಿ ಅಂತ, ಎಂದು ಅವನು ಹಲ್ಲು ಕಿರಿದ. ಬಸಲಿಂಗಯ್ಯನವರು ಅವನನ್ನು ಅಂಗಡಿಯಿಂದ ಆಚೆ ಅಟ್ಟಿದರು. ಬದುಕಿರುವ ತಾಯಿಯನ್ನು ರಜೆಗೋಸ್ಕರ ಮಲಗಿಸುವವನ ಮುಖ ನೋಡಿದರೆ ಆ ದಿನ ಊಟ ಸೇರುವುದಿಲ್ಲ ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಾಡಿದರು. ಅವನು ಎದುರಿನ ಅಂಗಡಿಗೆ ಹೋಗಿ ಬರೆಸಿಕೊಂಡ ಬಿಡಿ.

ಬಸಲಿಂಗಯ್ಯನವರು ಗದಗಿನ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಬಾಗಲಗುಂಟೆಯ ಬಾಡಿಗೆ ಮನೆ ಬಿಟ್ಟು ವೈಟ್‌ಫೀಲ್ಡಿನಲ್ಲಿ ಮಗಳ ಅಪಾರ್ಟ್‌ಮೆಂಟಿಗೆ ಹೋದರು. ಹೋದವರು ಸುಮ್ಮನೆ ಕೂರಬೇಕೋ ಬೇಡವೋ? ದಿನಾ ಬೆಳಿಗ್ಗೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಮೆಟ್ರೋ ಹತ್ತಿ, ಊರಿನ ಆ ತುದಿಯಿಂದ ಈ ತುದಿಗೆ ಅಂಗಡಿ ತೆಗೆಯಲು ಬರುತ್ತಿದ್ದರು. ಅಷ್ಟು ಚೆಂದದ ಜಾಗ ಬಿಟ್ಟು ಈ ಗಬ್ಬಿಗೆ ಯಾಕೆ ಸಾರ್ ಬರ್ತೀರಿ ಎಂದು ನಾನೇ ಒಮ್ಮೆ ಕೇಳಿದ್ದೆ. ಅಲ್ಲಿಯ ಲಿಫ್ಟಿನಲ್ಲಿ ಎಲ್ಲದಕ್ಕೂ ಪೆಥೆಟಿಕ್ ಅನ್ನುತ್ತಾರಂತೆ. ಟ್ರಾಫಿಕ್ ಪೆಥೆಟಿಕ್, ಕಾಫಿ ಪೆಥೆಟಿಕ್, ನೀರಿನ ಟ್ಯಾಂಕರ್ ತಡವಾದರೆ ಪೆಥೆಟಿಕ್, ಕೊನೆಗೆ ಬಿಸಿಲಲ್ಲಿ ನಿಂತ ವಾಚ್‌ಮನ್ನೂ ಪೆಥೆಟಿಕ್. "ಅಲ್ಲಿ ಆ ಶಬ್ದ ಹಿಡಕೊಂಡು ಮಂದಿಗೆ ಉಗಳತಾರ, ಇಲ್ಲಿ ಅದನ್ನ ಹಿಡಕೊಂಡು ಭಿಕ್ಷಾ ಬೇಡತೀರಿ" ಅಂದರು.

ಅವರಿಗೆ ಪ್ರತಿ ಪದಕ್ಕೂ ಒಂದು ತವರುಮನೆ ಹುಡುಕುವ ಚಟ. ಮೇಜಿನ ಕೆಳಗೆ ಬೆನ್ನು ಹರಿದ ದಪ್ಪ ಡಿಕ್ಷನರಿ ಇತ್ತು. ಟೈಪ್ ಮಾಡುತ್ತಾ ಮಾಡುತ್ತಾ ನಿಲ್ಲಿಸಿ, ಗಿರಾಕಿ ಬಸ್ ತಪ್ಪಿಸಿಕೊಂಡರೂ ಸರಿ, ಪದದ ಪೂರ್ವೋತ್ತರ ಓದಿ ಹೇಳುತ್ತಿದ್ದರು. ನಾನು ಪಿಯುಸಿ ಫೇಲಾದವಳು; ನನಗೆ ಇದು ಇಷ್ಟವಾಗುತ್ತಿತ್ತು. ಲೆಟರ್ ಇಲ್ಲದಿದ್ದರೂ ಒಂದೊಂದು ದಿನ ಶಿಫ್ಟ್ ಮುಗಿಸಿ ಅಲ್ಲಿ ಹತ್ತು ನಿಮಿಷ ನಿಂತು ಹೋಗುತ್ತಿದ್ದೆ. "ಬಾ ತಂಗಿ, ಇವತ್ತೊಂದು ಛಲೋ ಶಬ್ದ ಸಿಕ್ಕೇತಿ" ಎಂದು ಕರೆಯುತ್ತಿದ್ದರು. ನನ್ನನ್ನು ಹಾಗೆ ಪ್ರೀತಿಯಿಂದ ಕರೆದು ಏನಾದರೂ ಕಲಿಸಿದವರು ಬೇರೆ ಯಾರೂ ಇಲ್ಲ.

ಪೆಥೆಟಿಕ್ ಎಂಬುದರ ಜಾತಕವನ್ನೂ ಅವರೇ ಹೇಳಿದ್ದು. ಅದರ ತವರು ಗ್ರೀಕರ ಮನೆ. ಅಲ್ಲಿ ಪ್ಯಾಥೋಸ್ ಅಂದರೆ ಒಬ್ಬರ ಮೈಮೇಲೆ ಬಂದದ್ದು, ಅವರು ಉಂಡ ನೋವು. ಆಸ್ಪತ್ರೆಯ ಪ್ಯಾಥಾಲಜಿ ಲ್ಯಾಬೂ ಅದೇ ಮನೆಯದು, ಸಿಂಪತಿಯೂ ಅದೇ ಮನೆಯ ಮಗಳು. ಸಿಂಪತಿ ಅಂದರೆ ಇನ್ನೊಬ್ಬರ ನೋವನ್ನು ಜೊತೆಗೆ ಉಣ್ಣುವುದು. ಈ ಪದ ಲ್ಯಾಟಿನ್ನರ ಮನೆ ಹೊಕ್ಕು, ಫ್ರೆಂಚರ ಮನೆ ದಾಟಿ ಇಂಗ್ಲಿಷರ ಮನೆಗೆ ಬಂದಾಗ ಮನಸ್ಸನ್ನು ಕಲಕುವಂಥದ್ದು ಎಂದಷ್ಟೇ ಅರ್ಥವಿತ್ತಂತೆ. ಆಮೇಲೆ ಕನಿಕರ ಹುಟ್ಟಿಸುವಂಥದ್ದು ಎಂದಾಯಿತು. ಕನಿಕರಕ್ಕೂ ತಾತ್ಸಾರಕ್ಕೂ ಒಂದೇ ಗೋಡೆ ನೋಡಿ. ಕಾಲ ಕಳೆದಂತೆ ಗೋಡೆ ಬಿದ್ದುಹೋಗಿ, ಈಗ ಪೆಥೆಟಿಕ್ ಅಂದರೆ ಛೀ ಅನ್ನಿಸುವಂಥದ್ದು. "ಮೈಮ್ಯಾಲ ಬಂದದ್ದನ್ನ ಇದ್ದಂಗ ಹೇಳು ತಂಗಿ. ಕೇಳಿದವರಿಗೆ ಏನರ ಅನಸಿದ್ರ ಅನಸಲಿ, ಇಲ್ಲಂದ್ರ ಬಿಡಲಿ. ನೀನಾಗಿ ಕನಿಕರ ಹುಟ್ಟಸಾಕ ಹೋಗಬ್ಯಾಡ." ಇದು ಅವರ ಮಾತು. ಕೇಳುವಾಗ ನಾನು ತಲೆ ಅಲ್ಲಾಡಿಸಿದ್ದೆ. ತಲೆ ಅಲ್ಲಾಡಿಸುವುದಕ್ಕೆ ಏನು ಖರ್ಚು.

ನಾನು ಕೆಲಸ ಮಾಡುತ್ತಿದ್ದದ್ದು ಪಕ್ಕದ ರಸ್ತೆಯ ಪ್ರೆಸ್ ಶಾಪಿನಲ್ಲಿ. ತಗಡಿನ ಪಟ್ಟಿಯನ್ನು ಯಂತ್ರದ ಬಾಯಿಗೆ ಕೊಟ್ಟು ಪೆಡಲ್ ತುಳಿದರೆ ಮೇಲಿನಿಂದ ಅಚ್ಚು ಬಿದ್ದು ವಾಷರ್ ಕತ್ತರಿಸುತ್ತದೆ. ಕೈ ಒಳಗೆ ಹೋಗದಿರಲಿ ಎಂದು ಮುಂದೆ ಒಂದು ಜಾಲರಿ ಇರುತ್ತದೆ, ಅದಕ್ಕೆ ಗಾರ್ಡ್ ಅನ್ನುತ್ತಾರೆ. ಗಾರ್ಡ್ ಇದ್ದರೆ ಕೆಲಸ ನಿಧಾನ. ಟಾರ್ಗೆಟ್ ಮುಟ್ಟಲಿ ಎಂದು ನನ್ನ ನಾಲ್ಕನೇ ನಂಬರಿನ ಪ್ರೆಸ್ಸಿನ ಗಾರ್ಡ್ ಬಿಚ್ಚಿ ಮೂಲೆಗೆ ಒರಗಿಸಿದರು. ಎರಡು ಸಲ ಸೂಪರ್‌ವೈಸರ್‌ಗೆ ಹೇಳಿದೆ. ನೋಡೋಣ ಅಂದ. ನೋಡುವಷ್ಟರಲ್ಲಿ ನನ್ನ ಬಲಗೈಯ ತೋರುಬೆರಳು ಮತ್ತು ನಡುಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ. ಗಂಡ ಕುಡಿದು ಕುಡಿದು ಸತ್ತು ಮೂರು ವರ್ಷವಾಗಿತ್ತು, ಇದ್ದೊಬ್ಬ ಮಗಳು ಹತ್ತನೇ ಕ್ಲಾಸು. ನಮ್ಮತ್ತೆಯಂತೂ, ಬೆಳ್ಳಿಲ್ದೋಳ್ಗೆ ಯಾರವ್ವಾ ಕೆಲ್ಸ ಕೊಡ್ತಾರೆ, ಇಂಗಾಗೋಯ್ತಲ್ಲ ಎಂದು ಬಾಗಿಲಲ್ಲಿ ಕೂತು ರಾಗ ತೆಗೆಯುತ್ತಿದ್ದಳು. ಕಂಪನಿಯ ಎಚ್.ಆರ್. ಸಾಹೇಬರು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. "ನಂದೇ ಕೇರ್‌ಲೆಸ್ ಅಂತ ಒಂದು ಅಪಾಲಜಿ ಲೆಟರ್ ಕೊಟ್ಬಿಡಮ್ಮ. ಸ್ವಲ್ಪ ಪೆಥೆಟಿಕ್ಕಾಗಿರ್ಲಿ, ಮೇಲಿನವ್ರ ಮನಸ್ಸು ಕರಗ್ಬೇಕು. ವಾಷರ್ ಅಳತೆ ನೋಡೋ ಚೆಕಿಂಗ್ ಟೇಬಲ್‌ಗೆ ಹಾಕ್ಕೊಳ್ಳೋಣ" ಎಂದರು.

ಬಸಲಿಂಗಯ್ಯನವರು ನನ್ನ ಕೈಯ ಪಟ್ಟಿ ನೋಡಿದರು. ಸ್ಟೂಲ್ ಎಳೆದು ಕೊಟ್ಟರು. ಎಲ್ಲವನ್ನೂ ಕೇಳಿದರು. ಕೇಳಿ, ಒಂದು ಪುಟದ ಲೆಟರ್ ಕುಟ್ಟಿ, ಕನ್ನಡದಲ್ಲಿ ಅರ್ಥ ಹೇಳಿದರು: ಗಾರ್ಡ್ ಬಿಚ್ಚಲಾಗಿತ್ತು, ನಾನು ಎರಡು ಸಲ ತಿಳಿಸಿದ್ದೆ, ಬೆರಳು ಹೋದವು, ಎಡಗೈಯಲ್ಲಿ ಗೇಜು ಹಿಡಿದು ಅಳತೆ ನೋಡಲು ನನಗೆ ಬರುತ್ತದೆ, ಆ ಕೆಲಸ ಕೊಡಿ. ಅಷ್ಟೇ. ಇದರಲ್ಲಿ ಒಂದು ಹನಿ ಕಣ್ಣೀರೂ ಇಲ್ಲವಲ್ಲ ಸಾರ್, ಇದನ್ನು ಕೊಟ್ಟರೆ ಗೇಟಿನ ಒಳಗೂ ಬಿಡುವುದಿಲ್ಲ ಎಂದೆ. ಅವರು ಅಲುಗಲಿಲ್ಲ. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಪಟ್ಟಿ ಸುತ್ತಿದ ಕೈಯನ್ನು ಅವರ ಕೀಬೋರ್ಡಿನ ಮೇಲೆ ತಂದಿಟ್ಟು ಗೋಳೋ ಎಂದು ಅತ್ತೆ. ಅಳು ನಿಜವಾದದ್ದೇ, ಆದರೆ ಕೈ ಅಲ್ಲಿಟ್ಟದ್ದು ಮಾತ್ರ ಬೇಕೆಂದೇ.

ಬಸಲಿಂಗಯ್ಯನವರು ಮುಖ ಆ ಕಡೆ ತಿರುಗಿಸಿ ಕೂತರು. ಆಮೇಲೆ ಇನ್ನೊಂದು ಲೆಟರ್ ಕುಟ್ಟಿದರು. ತಪ್ಪು ಪೂರ್ತಿ ನನ್ನದು. ಯಂತ್ರ ಸರಿಯಾಗಿತ್ತು, ಗಾರ್ಡ್ ಇತ್ತು. ನಾನು ಅಭಾಗಿನಿ, ವಿಧವೆ. ನನಗೆ ಮೂರು ಪುಟ್ಟ ಮಕ್ಕಳು. ನೀವೇ ತಂದೆ ತಾಯಿ. ಮೂರು ಮಕ್ಕಳು ಅಂತ ಬರೆಯಿರಿ ಎಂದವಳು ನಾನೇ. ಪೆನ್ನು ಹಿಡಿಯಲಾಗದೆ ಎಡಗೈ ಹೆಬ್ಬೆಟ್ಟು ಒತ್ತಿದೆ. ಅವರು ಎದ್ದು ಹೊರಗಿನ ನಲ್ಲಿಗೆ ಹೋಗಿ, ಸೋಪು ಹಾಕಿ, ಮೊಣಕೈವರೆಗೂ ಕೈ ತೊಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಮಗಳ ಫ್ಲ್ಯಾಟಿನಲ್ಲಿ ಹೊಟ್ಟೆ ತುಂಬ ಉಂಡು ಬರುವ ಮುದುಕನಿಗೆ ನನ್ನ ಕಷ್ಟ ಎಲ್ಲಿಂದ ಗೊತ್ತಾಗಬೇಕು ಎಂದು ಬಯ್ದುಕೊಳ್ಳುತ್ತಲೇ ಬಂದೆ. ಕೆಲಸ ಸಿಕ್ಕಿತು. ಆ ಅಂಗಡಿ ಕಡೆ ಹೋಗುವುದನ್ನು ಬಿಟ್ಟೆ.

ಹೋದ ವರ್ಷ ಅದೇ ನಾಲ್ಕನೇ ಪ್ರೆಸ್ಸಿನಲ್ಲಿ ರತ್ನ ಎಂಬುವಳ ಬೆರಳು ಹೋಯಿತು. ಇಪ್ಪತ್ತೆಂಟರ ಹೆಂಗಸು, ಮದುವೆಯಾಗಿಲ್ಲ, ಕೊರಟಗೆರೆ ಕಡೆಯವಳು. ಗೇಟಿನ ಹತ್ತಿರ ನನಗಾಗಿ ಕಾದು ನಿಂತು ಒಂದು ಜೆರಾಕ್ಸ್ ಹಾಳೆ ತೋರಿಸಿದಳು. ಎಚ್.ಆರ್. ಸಾಹೇಬರು ಕೊಟ್ಟು, ಹೆಸರು ಬದಲಾಯಿಸಿ ಹೀಗೆಯೇ ಟೈಪ್ ಮಾಡಿಸಿಕೊಂಡು ಬಾ ಎಂದಿದ್ದರಂತೆ. ಹೆಸರಿದ್ದ ಕಡೆ ವೈಟ್‌ನರ್ ಬಳಿದಿತ್ತು. ಅವಳು ಅರ್ಧಂಬರ್ಧ ಓದಿಕೊಂಡಿದ್ದಳು. "ಅಕ್ಕ, ನಂಗೆ ಮದ್ವೇನೇ ಆಗಿಲ್ಲ. ಇದ್ರಲ್ಲಿ ಮೂರು ಮಕ್ಳು ಅಂತ ಯಾಕಿದೆ?" ಎಂದಳು.

ಅದು ನನ್ನ ಲೆಟರ್ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಕೈ ಹಿಡಿದು ನೇರ ಬಸಲಿಂಗಯ್ಯನವರ ಅಂಗಡಿಗೆ ಕರೆದುಕೊಂಡು ಹೋದೆ. ಬಹಳ ಇಳಿದುಹೋಗಿದ್ದರು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಜೆರಾಕ್ಸನ್ನು ಓದಿದರು. ತಾವೇ ಕುಟ್ಟಿದ ವಾಕ್ಯ ಗುರುತು ಸಿಗದೆ ಇರುತ್ತದೆಯೇ? ನನ್ನನ್ನು ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಇದು ತಾವೇ ಕೈಯಾರೆ ಕುಟ್ಟಿದ್ದು ಎಂದು ರತ್ನಳಿಗೆ ಹೇಳಿ, ಅವಳ ಕಥೆ ಕೇಳಿದರು. ಗಾರ್ಡ್ ಆಗಲೂ ಮೂಲೆಯಲ್ಲೇ ಇತ್ತು.

ಎರಡು ಹಾಳೆ ಟೈಪ್ ಮಾಡಿದರು. ಒಂದು ರತ್ನಳದು, ನಡೆದದ್ದು ನಡೆದ ಹಾಗೆ. ಇನ್ನೊಂದು ನನ್ನದು: ಇದೇ ಯಂತ್ರದಲ್ಲಿ ನನ್ನ ಎರಡು ಬೆರಳು ಹೋದವು, ಆಗಲೂ ಗಾರ್ಡ್ ಇರಲಿಲ್ಲ, ನಾನು ಕೊಟ್ಟ ಲೆಟರ್ ಸುಳ್ಳು. ಎರಡನ್ನೂ ಜೋಡಿಸಿ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರ್ ಕಚೇರಿಗೆ ಕೊಡಿ ಎಂದು ನನ್ನ ಮುಂದೆ ಪೆನ್ನಿಟ್ಟರು. ಒಂದೇ ಲೆಟರ್ ಆದರೆ ಹುಡುಗಿಯ ಮಾತು ನಿಲ್ಲುವುದಿಲ್ಲ, ಎರಡಾದರೆ ಕಚೇರಿಯವರೂ ಯೋಚಿಸಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರು. ನನ್ನ ಕಣ್ಣ ಮುಂದೆ ಚೆಕಿಂಗ್ ಟೇಬಲ್ ಬಂತು, ಮಗಳ ಕಾಲೇಜು ಬಂತು. ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ ಸಾರ್ ಎಂದೆ. ಕೇಳುವುದಕ್ಕೆ ಮನೆಯಲ್ಲಿ ಅತ್ತೆ, ಮಗಳು ಬಿಟ್ಟರೆ ಯಾರಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು.

"ಅವತ್ತು ನಿನ್ನ ಕೈಯಾಗ ಪೆನ್ನು ನಿಲ್ಲತಿರಲಿಲ್ಲ, ನಾನೂ ಸೋತೆ" ಅಂದರು. "ಇವತ್ತು ಏನಾಗೇತಿ ತಂಗಿ?"

ನನ್ನ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ಅದೇ ಕೊನೆ.

ನಾಳೆ ನಾಡಿದ್ದು ಎನ್ನುತ್ತಾ ಒಂದು ತಿಂಗಳು ಕಳೆಯಿತು. ರತ್ನ ನಾಲ್ಕು ದಿನ ನನ್ನ ದಾರಿ ನೋಡಿ, ಐದನೇ ದಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸಿನ ಹಾಗೆಯೇ ಟೈಪ್ ಮಾಡಿಸಿ ಕೊಟ್ಟು ಕೆಲಸಕ್ಕೆ ಬಂದಳು. ಕಂಪನಿಯ ಫೈಲಿನಲ್ಲಿ ಅವಳಿಗೂ ಈಗ ಮೂರು ಮಕ್ಕಳು. ಚೆಕಿಂಗ್ ಟೇಬಲ್ಲಿನಲ್ಲಿ ನನ್ನ ಎದುರಿಗೆ ಕೂರುತ್ತಾಳೆ. ನನ್ನೊಡನೆ ಮಾತು ಅಷ್ಟಕ್ಕಷ್ಟೇ.

ಕೊನೆಗೊಂದು ಶನಿವಾರ ಧೈರ್ಯ ಮಾಡಿ ಅಂಗಡಿಗೆ ಹೋದೆ. ಷಟರ್ ಎಳೆದಿತ್ತು. ಪಕ್ಕದ ಟೀ ಅಂಗಡಿಯವನು, ಅಜ್ಜ ಹೋಗ್ಬಿಟ್ರು ಕಣಕ್ಕ, ಹನ್ನೊಂದು ದಿನ ಆಯ್ತು, ಮಗಳು ಬಂದು ಕಂಪ್ಯೂಟರ್ ಎಲ್ಲ ಗುಜರಿಗೆ ಹಾಕಿದರು ಎಂದ. ಡಿಕ್ಷನರಿ ಏನಾಯಿತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಟೀ ಕುಡಿದು ಬಂದೆ, ಅಳು ಕೂಡ ಬರಲಿಲ್ಲ. ಅವರು ಟೈಪ್ ಮಾಡಿದ ಹಾಳೆ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಸಹಿಯ ಜಾಗ ಇನ್ನೂ ಖಾಲಿ.

ಮೊನ್ನೆ ಸೋಮವಾರ ನಾಲ್ಕನೇ ಪ್ರೆಸ್ಸಿಗೆ ಹೊಸಬಳು ಬಂದಳು. ನನ್ನ ಕೈ ನೋಡಿದಳು, ರತ್ನಳ ಕೈ ನೋಡಿದಳು, ಹತ್ತಿರ ಬಂದು ಮೆಲ್ಲಗೆ, ಮಿಷಿನ್ ಮುಂದೆ ಏನೋ ಜಾಲರಿ ಇರಬೇಕಲ್ವಾ ಅಕ್ಕ ಎಂದು ಕೇಳಿದಳು. ರತ್ನ ಗೇಜು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಾ ಕೂತಳು.

ನೋಡ್ಕೊಂಡು ಹುಷಾರಾಗಿ ಮಾಡಮ್ಮ, ಎಂದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.